ನಾನೂರ ತೊಂಬತ್ತು ಘನ ಅಡಿಯ ಚೀಟಿ

2021ರಲ್ಲಿ ನಾನು ಕೊಳ್ಳೇಗಾಲದ ಒಂದು ಸೌದೆ ಡಿಪೋದಲ್ಲಿ ಅಳತೆಯ ಕೆಲಸದಲ್ಲಿದ್ದೆ. ಆಗಲೇ ಹದಿನೆಂಟು ವರ್ಷದ ಅನುಭವ. ದಿಮ್ಮಿ ನೋಡಿ ಸೌದೆ ಎಷ್ಟಾಗುತ್ತದೆಂದು ಹೇಳುವ ಹೆಂಗಸು ಸುತ್ತಮುತ್ತ ಇನ್ನೊಬ್ಬಳಿರಲಿಲ್ಲ. ಆ ಹೆಮ್ಮೆ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಹೊನ್ನೂರಿನ ಹೊಲದ ಬದುಗಳಲ್ಲಿ ಕಡಿದ ಹುಣಸೆ, ಹೊಂಗೆ ದಿಮ್ಮಿಗಳನ್ನು ಮಾದಪ್ಪನವರು ಕೊಂಡಿದ್ದರು. ಕೊಳ್ಳೇಗಾಲದಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಶೆಡ್ಡು. ಗೂಡು ಬೇಯಿಸಲು ಸೌದೆ ಬೇಕು. ಲೋಡು ಅಳೆಯಲು ನನ್ನನ್ನು ಹೊನ್ನೂರಿಗೇ ಕರೆಸಿದ್ದರು. ಲಾರಿಯ ಬಾಡಿ ಹದಿನಾಲ್ಕು ಅಡಿ ಉದ್ದ, ಏಳು ಅಡಿ ಅಗಲ. ಐದು ಅಡಿ ಎತ್ತರಕ್ಕೆ ದಿಮ್ಮಿ ತುಂಬಿತ್ತು. ಚೀಟಿಯಲ್ಲಿ '490 ಘನ ಅಡಿ' ಎಂದಷ್ಟೇ ಬರೆದು ಡ್ರೈವರ್ ಮುರುಗೇಶನ ಕೈಗೆ ಕೊಟ್ಟೆ.

ಶೆಡ್ಡಿನಲ್ಲಿ ಸೀಳಿ ಪೇರಿಸಿದಾಗ ಸೌದೆ 312 ಘನ ಅಡಿ ಮಾತ್ರ ಆಯಿತು. ಉಳಿದದ್ದನ್ನು ಮುರುಗೇಶ ದಾರಿಯಲ್ಲೇ ಇಳಿಸಿದ್ದಾನೆಂದು ಮಾದಪ್ಪ ದೂರಿದರು. ಲಾರಿ ಮಾಲೀಕ ಕೀ ಕಿತ್ತುಕೊಂಡ. ಮುರುಗೇಶ ರಾಮಾಪುರದ ಕಡೆಯವನು, ಮನೆಮಾತು ತಮಿಳು. ಮಾರನೆಯ ಬೆಳಿಗ್ಗೆ ಡಿಪೋ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ದಾರೀಲಿ ಅಗರದಲ್ಲಿ ನಿಲ್ಸಿ ಟೀ ಕುಡ್ದಿದ್ದು ನಿಜ. ಒಂದು ಕಡ್ಡೀನೂ ಇಳಿಸ್ನಿಲ್ಲ. ನೀವು ಬರ್ದಿರೋ ಚೀಟೀನೇ ನನ್ನ ಕಳ್ಳ ಅಂತದೆ."

ಅವನು ಹೇಳಿದ್ದು ಸರಿ. ನಾನು ಬರೆದದ್ದು ದಿಮ್ಮಿ ಹಿಡಿದಿದ್ದ ಜಾಗದ ಅಳತೆ. ಅಂಕುಡೊಂಕು ದಿಮ್ಮಿಗಳ ನಡುವೆ ಅರ್ಧಕ್ಕರ್ಧ ಗಾಳಿಯೇ ಇರುತ್ತದೆ. ತುಂಡು ಮಾಡಿ ಸೀಳಿ ಒತ್ತಾಗಿ ಪೇರಿಸಿದರೆ ರಾಶಿ ಕುಗ್ಗುತ್ತದೆ. ಮಾದಪ್ಪನವರ ಬಳಿ ಹೋಗಿ ಇದನ್ನೇ ಹೇಳಿದೆ.

"ಈಗ ಗಾಳಿ ಅಂತೀಯಲ್ಲಮ್ಮ, ಅವತ್ತು ಯಾಕ್ ಬರೀನಿಲ್ಲ?" ಎಂದರು.

ತಪ್ಪು ನನ್ನದೆಂದು ಒಪ್ಪಿಕೊಂಡೆ. ಹೊನ್ನೂರಿನಲ್ಲಿ ಅದೇ ಮರಗಳ ಇನ್ನೊಂದು ಲೋಡು ಉಳಿದಿತ್ತು. ಅದನ್ನು ಮುರುಗೇಶನೇ ತರಲಿ, ಮಾದಪ್ಪನವರು ಕ್ಯಾಬಿನ್ನಿನಲ್ಲೇ ಕೂತು ಬರಲಿ, ಸೌದೆ ಎಷ್ಟಾಗುತ್ತದೆಂದು ನಾನು ಮೊದಲೇ ಬರೆದುಕೊಡುತ್ತೇನೆ, ರಾಶಿಯ ಉದ್ದ ಒಂದಡಿ ಹೆಚ್ಚುಕಡಿಮೆಯಾದರೆ ಇನ್ನು ಅಳತೆ ಟೇಪು ಮುಟ್ಟುವುದಿಲ್ಲ ಎಂದೆ. ಅವರು ಒಪ್ಪಿ, ಅದೊಂದು ಲೋಡಿಗೆ ಮುರುಗೇಶನಿಗೆ ಕೀ ಕೊಡುವಂತೆ ಲಾರಿ ಮಾಲೀಕನಿಗೆ ಹೇಳಿದರು.

ಆ ದಿನ ಅರವತ್ತೊಂದು ದಿಮ್ಮಿಗಳಲ್ಲಿ ಒಂದೊಂದರ ಸುತ್ತಳತೆ, ಉದ್ದ ಹಿಡಿದೆ. ಕೊಡಲಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳಿದೆ. ಒಂಬತ್ತು ಪೊಳ್ಳಾಗಿದ್ದವು, ಆ ಪೊಳ್ಳಿನಷ್ಟನ್ನು ಕಳೆದೆ. ಲಾರಿ ಹಿಂದಿನ ಸಲದಂತೆ ಐದು ಅಡಿ ಎತ್ತರಕ್ಕೇ ತುಂಬಿತು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ ಪೇರಿಸಿದರೆ ರಾಶಿ ಇಪ್ಪತ್ತಡಿ ಮೂರಿಂಚು ಉದ್ದ ಬರುತ್ತದೆಂದು ಬರೆದು, ಕಾಗದ ಮಡಚಿ ಮಾದಪ್ಪನವರ ಕೈಗೆ ಕೊಟ್ಟೆ.

ಸೀಳಲು ಎರಡು ದಿನ ಹಿಡಿಯಿತು. ಕೊನೆಗೆ ಮಾದಪ್ಪ ತಾವೇ ಟೇಪು ಹಿಡಿದರು. ಇಪ್ಪತ್ತಡಿ, ಎಂದರೆ 320 ಘನ ಅಡಿ; ಹಿಂದಿನ ಲೋಡೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಕಾಗದ ಬಿಚ್ಚಿ ಓದಿದರು, ಮತ್ತೊಮ್ಮೆ ಅಳೆದರು. ಆಮೇಲೆ ಶೆಡ್ಡಿನ ಆಳುಗಳೆಲ್ಲ ಕೇಳುವಂತೆ ಮುರುಗೇಶನಿಗೆ ಹೇಳಿದರು: "ನಾನಂದದ್ದು ತಪ್ಪಾಯ್ತು ಕಣಪ್ಪ. ಇನ್ಮೇಲೆ ನನ್ ಲೋಡು ನೀನೇ ತಕಂಡ್ ಬಾ."

ಲಾರಿ ಮಾಲೀಕನಿಗೂ ಅಲ್ಲಿಂದಲೇ ಫೋನು ಮಾಡಿದರು. ಸಂಜೆಗೆ ಕೀ ಕಾಯಂ ಆಗಿ ಮುರುಗೇಶನ ಕೈಗೆ ಬಂತು.

ಮೂರೇ ಇಂಚಿನ ವ್ಯತ್ಯಾಸ. ಅದನ್ನು ನೆನೆದಾಗಲೆಲ್ಲ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಆದರೆ ಕೆಲಸ ನನಗೆ ಕಲಿಸಿದ ಪಾಠ ಬೇರೆ: ನಾವು ಬರೆದ ಅಂಕಿಯನ್ನು ಹೊತ್ತು ಹೋಗುವವನು ಇನ್ನೊಬ್ಬ. ಅದು ಯಾವುದರ ಅಂಕಿ ಎಂದು ಬರೆಯದಿದ್ದರೆ, ಏಟು ಬೀಳುವುದು ಅವನಿಗೆ.