ಅವ್ವನ ರಿಪೋರ್ಟು

ನನ್ನ ಗೆಳತಿಯ ಜೊತೆ ಹರಟೆಗೆ ಕೂತರೆ ಒಂದು ಅಪಾಯವಿದೆ. ಯಾರ ಮನೆಯ ಸುದ್ದಿ ಹೇಳಿದರೂ ಕಣ್ಣು ಕಿರಿದು ಮಾಡಿ, "ಆಡಿಯೋ ಐತಾ?" ಅನ್ನುತ್ತಾಳೆ. ನೀನೇ ಕಿವಿಯಾರೆ ಕೇಳಿದ್ದಾ, ಇಲ್ಲ ಊಹೆ ಮಾಡಿ ಬಿಡುತ್ತಿದ್ದೀಯಾ ಅಂತ ಅದರರ್ಥ. ವರ್ಷಕ್ಕೆ ಎರಡು ಮೂರು ಸಲ ರಾಮನಗರದ ಅವಳ ಮನೆಯಲ್ಲಿ ಸೇರುತ್ತೇವೆ. ಅವಳ ಮಗಳ ಓದು, ನನ್ನ ಮಗನ ಹಟ, ಇಬ್ಬರ ಅತ್ತೆಯರ ಮಂಡಿನೋವು ಎಲ್ಲವೂ ಬಂದುಹೋಗುತ್ತವೆ. ನಮ್ಮ ಹಳೆಯ ಕೆಲಸವನ್ನು ಈಗ ಕಂಪ್ಯೂಟರೇ ಮಾಡಿ ಮುಗಿಸುತ್ತದಂತೆ ಎಂದು ಇಬ್ಬರೂ ಸೇರಿ ಹೊಟ್ಟೆ ಉರಿದುಕೊಳ್ಳುತ್ತೇವೆ. ಮಾತಾಡುವಾಗ ಇಬ್ಬರ ಬಲಗಾಲುಗಳೂ ನೆಲವನ್ನು ಒತ್ತುತ್ತಿರುತ್ತವೆ. ಅವಳ ಗಂಡ ಅದನ್ನು ನೋಡಿ ನಗುತ್ತಾರೆ.

ಆ "ಆಡಿಯೋ" ಪ್ರಶ್ನೆ ಮೊದಲ ಸಲ ಬಂದದ್ದು ನನ್ನ ಅವ್ವನ ವಿಷಯದಲ್ಲಿ. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಹೆದ್ದಾರಿಯ ಎರಡೂ ಬದಿಗೆ ಕಾರ್ಖಾನೆಗಳು ಏಳುತ್ತಿದ್ದವು. ಬೆಳಗಾದರೆ ನಮ್ಮ ಅಕ್ಕೂರಿನ ಕಡೆಯ ಹುಡುಗಿಯರು ಟಿಫನ್ ಬಾಕ್ಸು ಹಿಡಿದು ಗಾರ್ಮೆಂಟ್ಸ್ ವ್ಯಾನಿಗೆ ಓಡುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ, ಆರು ತಿಂಗಳು ಟ್ರೈನಿಂಗ್ ಮಾಡಿ, ರಾಮನಗರದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲಿದ್ದ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಆಫೀಸಿಗೆ ಸೇರಿದೆ. ಕೆಲಸ ಇಷ್ಟೇ. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ, ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ನಾವು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ, ಟೈಪ್ ಮಾಡಿ, ರಿಪೋರ್ಟು ಮಾಡಿ ವಾಪಸ್ ಕಳಿಸಬೇಕು. ಕಾಲಡಿಯಲ್ಲೊಂದು ಪೆಡಲು. ಒತ್ತಿದರೆ ಡಾಕ್ಟರ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಇದನ್ನು ಊರಿನವರಿಗೆ ವಿವರಿಸಿ ವಿವರಿಸಿ ಸಾಕಾಯಿತು. ನಮ್ಮ ಬೀದಿಯ ಅಜ್ಜಿಯೊಬ್ಬರು ಸೂಜಿ ಹಾಕಿಸಿಕೊಳ್ಳಲು ನೇರವಾಗಿ ನನ್ನ ಹತ್ತಿರವೇ ಬಂದು ತೋಳು ಚಾಚಿ ಕೂತಿದ್ದರು.

ಗೆಳತಿ ನನ್ನ ಪಕ್ಕದ ಕುರ್ಚಿಯವಳು. ರೇಷ್ಮೆ ನೂಲು ತೆಗೆಯುವ ಮನೆತನದ ಹುಡುಗಿ. ನಮ್ಮದು ಹುಳ ಸಾಕಿ ಗೂಡು ಬೆಳೆಯುವ ಮನೆ. "ನಿಮ್ಮ ಮನೆ ಗೂಡು ನಮ್ಮ ಮನೆ ಬಿಸಿನೀರಲ್ಲಿ ಎಷ್ಟು ಸಲ ಬೆಂದೈತೋ ಏನೋ," ಎಂದು ಮೊದಲ ದಿನವೇ ನಗಿಸಿದ್ದಳು. ಒಂದೇ ವರ್ಷದಲ್ಲಿ ಅವಳು ನಮ್ಮ ರಿಪೋರ್ಟುಗಳನ್ನು ಆಡಿಯೋ ಜೊತೆ ಹೋಲಿಸಿ ತಪ್ಪು ಹಿಡಿಯುವ ಕೆಲಸಕ್ಕೆ ಬಡ್ತಿ ಪಡೆದಳು. ನಾನು ಅಲ್ಲೇ ಉಳಿದೆ. ಆದರೆ ಇಡೀ ಆಫೀಸಿನಲ್ಲಿ ನನ್ನಷ್ಟು ವೇಗವಾಗಿ ಟೈಪ್ ಮಾಡುವವರು ಇರಲಿಲ್ಲ, ಆ ಜಂಬ ನನಗೆ ಬೇಕಾದಷ್ಟಿತ್ತು.

ವೇಗದ ಗುಟ್ಟು ಶಾರ್ಟ್‌ಕಟ್ಟು. ಡಾಕ್ಟರು ದಿನಕ್ಕೆ ನೂರು ಸಲ ಹೇಳುವ ಸಾಲುಗಳಿಗೆಲ್ಲ ಎರಡು ಮೂರು ಅಕ್ಷರದ ಗುರುತು ಇಟ್ಟುಕೊಂಡಿದ್ದೆವು. ಅದನ್ನು ಒತ್ತಿದರೆ "ಯಾವ ಔಷಧಿಗೂ ಅಲರ್ಜಿ ಇಲ್ಲ" ಎಂಬ ಸಾಲು ತಾನಾಗೇ ಬಂದು ಬೀಳುತ್ತಿತ್ತು. ಹೃದಯ ಸರಿಯಾಗಿದೆ, ಶ್ವಾಸಕೋಶ ಸರಿಯಾಗಿದೆ ಎಂಬ ಇಡೀ ಪ್ಯಾರಾ ಕೂಡ ಹಾಗೆಯೇ. ಇದಕ್ಕೆ ಎದುರಾಗಿ ಆಫೀಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸರಿಯಾಗಿ ಕೇಳಿಸದಿದ್ದರೆ ಊಹೆ ಮಾಡಿ ತುಂಬಬಾರದು, ಒಂದು ಗೆರೆ ಎಳೆದು ಖಾಲಿ ಬಿಡಬೇಕು. ಅದಕ್ಕೆ ಬ್ಲಾಂಕ್ ಅನ್ನುತ್ತಿದ್ದೆವು. ಬ್ಲಾಂಕ್ ಬಿಟ್ಟವರನ್ನು ಯಾರೂ ಬೈಯುತ್ತಿರಲಿಲ್ಲ, ಊಹಿಸಿ ಬರೆದವರಿಗೆ ಮಾತ್ರ ಮಂಗಳಾರತಿ ಆಗುತ್ತಿತ್ತು.

ಹೀಗಿರುವಾಗ ಅವ್ವನಿಗೆ ಹೊಟ್ಟೆನೋವು ಶುರುವಾಯಿತು. ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಅಂದರು. ಅವ್ವನದು ಒಂದೇ ಷರತ್ತು: "ಹುಳ ಗೂಡು ಕಟ್ಲಿ. ಆಮೇಕೆ ಎಲ್ಲಿ ಬೇಕಾದ್ರೂ ಕುಯ್ಕಳ್ಳಿ." ಡಾಕ್ಟರು ನಕ್ಕು ಎರಡು ವಾರದ ಆಚೆಗೆ ದಿನ ಕೊಟ್ಟರು. ಅಷ್ಟರಲ್ಲಿ ಅವ್ವನಿಗೆ ಹಿಂದೆ ಆಗಿದ್ದ ಕಾಯಿಲೆ, ಆಪರೇಷನ್ನು, ಹೆರಿಗೆ, ಆಗಿಬರದ ಔಷಧಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಬರುವಂತೆ ನನಗೆ ಹೇಳಿದರು.

ಇದನ್ನು ನನಗೆ ಹೇಳಿಕೊಡಬೇಕಾ? ಮಾರನೆಯ ದಿನ ಊಟದ ಬಿಡುವಿನಲ್ಲಿ ಕೂತು, ಹತ್ತೇ ನಿಮಿಷದಲ್ಲಿ ಅಪ್ಪಟ ಅಮೆರಿಕನ್ ರಿಪೋರ್ಟು ತಯಾರು ಮಾಡಿದೆ. ತಲೆಬರಹಗಳು ದಪ್ಪಕ್ಷರದಲ್ಲಿ, ಸಾಲುಗಳು ಒಂದರ ಕೆಳಗೊಂದು. ಪ್ರಿಂಟ್ ತೆಗೆದು ಗೆಳತಿಯ ಮುಂದೆ ಹಿಡಿದೆ. ಹೊಗಳಿಸಿಕೊಳ್ಳುವುದಕ್ಕೇ ಹಿಡಿದದ್ದು, ಸುಳ್ಳು ಯಾಕೆ ಹೇಳಲಿ.

ಅವಳು ಕೆಂಪು ಪೆನ್ನು ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದಳು.

"ಯಾರೇ ಇದನ್ನ ಡಿಕ್ಟೇಟ್ ಮಾಡಿದ್ದು?"

"ಯಾರೂ ಇಲ್ಲ. ನಾನೇ ಬರ್ದೆ."

"ಹಂಗಾದ್ರೆ ಆಡಿಯೋ ಎಲ್ಲಿ?"

"ನಮ್ಮವ್ವ ಕಣೆ! ನಂಗೊತ್ತಿಲ್ವಾ?"

ಅವಳು ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಮೇಲಿಟ್ಟಳು. "ಅಲರ್ಜಿ ಇಲ್ಲ ಅಂತೀಯ. ಕೇಳ್ದಾ? ಮಕ್ಕಳಾಗದ ಆಪರೇಷನ್ ಆಗೈತೆ, ತೊಂದರೆ ಏನೂ ಆಗ್ಲಿಲ್ಲ ಅಂತೀಯ. ಕೇಳ್ದಾ? ಅರೆ, ಪೂರಾ ಹಾಳೇಲಿ ಒಂದೂ ಬ್ಲಾಂಕ್ ಇಲ್ವಲ್ಲೇ! ಮುಖಾನೇ ನೋಡ್ದಿರೋ ಅಮೆರಿಕದ ಪೇಷೆಂಟಿಗೆ ನಾಕು ಬ್ಲಾಂಕ್ ಬಿಡ್ತೀಯ, ನಿಮ್ಮವ್ವಂಗೆ ಒಂದೂ ಬ್ಯಾಡ್ವಾ?"

ನನಗೆ ರೇಗಿಹೋಯಿತು. ಹಾಳೆ ಕಿತ್ತುಕೊಂಡು ಬಂದೆ. ಅವತ್ತು ಅವಳ ಡಬ್ಬಿಯ ಕುಷ್ಕವನ್ನೂ ಮುಟ್ಟಲಿಲ್ಲ, ನನ್ನ ಕಡಲೆಬೀಜದ ಚಟ್ನಿಯನ್ನೂ ಕೊಡಲಿಲ್ಲ. ಸಂಜೆ ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ಹಾಳೆಯನ್ನು ಮತ್ತೆ ಓದಿದೆ. ಅವ್ವನ ಹೆಸರು, ವಯಸ್ಸು, ಕಲ್ಲು ಇಷ್ಟು ಬಿಟ್ಟರೆ ಮಿಕ್ಕದ್ದೆಲ್ಲ ಶಾರ್ಟ್‌ಕಟ್ಟಿನಿಂದ ಬಿದ್ದ ಸಾಲುಗಳು. ವಯಸ್ಸೂ ಅಂದಾಜು. ಈ ಹಾಳೆಯನ್ನು ನಂಬಿಯೇ ಅವ್ವನನ್ನು ಟೇಬಲ್ಲಿನ ಮೇಲೆ ಮಲಗಿಸಿ ಇಂಜೆಕ್ಷನ್ ಚುಚ್ಚುತ್ತಾರೆ. ಒಂದು ಸಾಲು ಸುಳ್ಳಾದರೆ ಅವ್ವ ಎದ್ದು ಬರದೇ ಹೋಗಬಹುದು. ನನ್ನ ಸಿಟ್ಟೆಲ್ಲ ಇಳಿದು ಭಯ ಶುರುವಾಯಿತು.

ಮನೆಗೆ ಬಂದಾಗ ಅವ್ವ ಹುಳದ ಮನೆಯಲ್ಲಿದ್ದಳು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಗಳು ಹಾಕಿದ ಸೊಪ್ಪನ್ನೆಲ್ಲ ಬರಬರನೆ ಮೇಯುತ್ತಿದ್ದವು. ನಾನು ನೋಟ್‌ಬುಕ್ಕು ಹಿಡಿದು ಬಾಗಿಲ ಬಳಿ ಕೂತೆ.

"ಅವ್ವ, ಯಾವ್ದಾರ ಮಾತ್ರೆ, ಇಂಜೆಕ್ಷನ್ನು ನಿಂಗೆ ಆಗ್‌ಬರ್ದೆ ಹೋಗಿದ್ದುಂಟಾ?"

"ಮಾತ್ರೆ ನುಂಗಕ್ಕೆ ನಂಗೆ ಪುರ್ಸೊತ್ತೆಲ್ಲಿತ್ತು?" ಅಂದವಳು, ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕದೆ ನಿಂತಳು. "ಒಂದ್ಸಲ ಮಕ ಎಲ್ಲಾ ಊದ್ಕಂಬುಟ್ಟಿತ್ತು ಕಣ್ ಮಗ. ಮಕ್ಕಳಾಗ್ದ ಆಪ್ರೇಷನ್ ಮಾಡಿಸ್ಕಂಡಾಗ. ಸೂಜಿ ಚುಚ್ಚಿ ಒಸಿ ಹೊತ್ಗೇ ಕಣ್ಣು ಮುಚ್ಕಂಡೋದೊ, ಉಸ್ರು ಕಟ್ಕಂತು. ಸತ್ತೋಯ್ತೀನಿ ಅಂದ್ಕಂಡೆ. ನರ್ಸಮ್ಮ ಓಡಿಬಂದು ಇನ್ನೊಂದು ಸೂಜಿ ಹಾಕುದ್ರು, ಇಳೀತು."

"ಯಾಕವ್ವ ಇಷ್ಟ್ ದಿನ ಹೇಳ್ನಿಲ್ಲ?"

"ನೀನು ಕೇಳಿದ್ದೆಲ್ಲಿ? ಬೆಳಿಗ್ಗೆ ಎದ್ದೋಯ್ತೀಯ. ಕಿವಿಗೆ ಅದೇನೋ ಸಿಕ್ಕಿಸ್ಕಂಡು ಯಾರ್ಯಾರ್ದೋ ಮಾತು ಕೇಳಿ ಸಾಕಾಗಿ ಬತ್ತೀಯ. ಬಂದ್ಮ್ಯಾಲೆ ನಂದೇನು ಅಂತ ಯೋಳನ?"

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಾನೂ ಒಂದು ಮಾತು ತಿರುಗಿಸಿ ಹೇಳುತ್ತಿದ್ದೆ. ಇಂಜೆಕ್ಷನ್ನಿನ ಹೆಸರೇನೆಂದು ಕೇಳಿದೆ. "ನಂಗೇನ್ ಗೊತ್ತು, ಬೆಳ್ಳಗಿತ್ತು," ಅಂದಳು. ನೋಟ್‌ಬುಕ್ಕಿನಲ್ಲಿ ಅಲರ್ಜಿ ಇದೆ ಎಂದು ಬರೆದು, ಔಷಧಿಯ ಹೆಸರಿನ ಜಾಗದಲ್ಲಿ ಉದ್ದಕ್ಕೆ ಗೆರೆ ಎಳೆದೆ.

ಮುಂದಿನ ಸಾಲಿಗೆ ಹೋದೆ. "ಹೆರಿಗೆ ಎರಡು, ಅಣ್ಣ ನಾನು," ಎಂದು ನಾನೇ ಹೇಳಿಕೊಂಡು ಬರೆಯತೊಡಗಿದೆ. ಇದನ್ನೂ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

"ಮೂರು ಕಣ್ ಮಗ," ಅಂದಳು ಅವ್ವ.

ನನ್ನ ಹಿಮ್ಮಡಿ ತಾನಾಗೇ ನೆಲವನ್ನು ಒತ್ತಿತು. ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳಬೇಕಿತ್ತು. ಅಲ್ಲಿ ಪೆಡಲು ಇರಲಿಲ್ಲ, ಅವ್ವನೇ ಮುಂದುವರಿಸಿದಳು. ಅಣ್ಣನಿಗೂ ನನಗೂ ನಡುವೆ ಒಂದು ಹೆಣ್ಣು ಮಗು ಹುಟ್ಟಿತ್ತು. ಎಂಟು ದಿನ ಇತ್ತು, ಒಂಬತ್ತನೆಯ ದಿನ ಬೆಳಿಗ್ಗೆ ಹೋಯಿತು. ಹೆಸರಿಡುವ ಶಾಸ್ತ್ರವೂ ಆಗಿರಲಿಲ್ಲ. "ಮನ್ಸಲ್ಲೇ ನಾನೊಂದು ಹೆಸ್ರು ಇಟ್ಕಂಡಿದ್ದೆ," ಅಂದಳು. ಅದನ್ನು ಹೇಳಿದಳು. ಆ ಹೆಸರು ಅವಳದು, ನಾನು ಇಲ್ಲಿ ಬರೆಯುವುದಿಲ್ಲ.

"ಯಾರ್ ಕೇಳುದ್ರೂ ಎರಡು ಅಂತ್ಲೇ ಯೋಳ್ಕ ಬಂದೆ. ಮೂರು ಅಂದ್ರೆ, ಇನ್ನೊಂದೆಲ್ಲಿ ಅಂತಾರೆ. ಬರ್ಕಂಡ್ಯಾ?"

"ಬರ್ಕಂಡೆ."

"ಏನಂತ ಬರ್ದೆ, ಓದು."

ನಮ್ಮ ರಿಪೋರ್ಟಿನಲ್ಲಿ ಇದೆಲ್ಲ ಬರೀ ಅಂಕಿ. ಹೆರಿಗೆ ಮೂರು, ಬದುಕಿರುವ ಮಕ್ಕಳು ಎರಡು ಎಂದು ಓದಿದೆ.

"ಅಷ್ಟೇಯಾ?" ಅಂದಳು. ಅವಳು ಸೊಪ್ಪು ಹಾಕಲು ಮುಂದಿನ ತಟ್ಟೆಗೆ ಹೋದಳು. ನಾನು ಕೂತಲ್ಲೇ ಅತ್ತೆ.

ಮಾರನೆಯ ದಿನ ಒಂದೂ ಶಾರ್ಟ್‌ಕಟ್ಟು ಒತ್ತದೆ, ಒಂದೊಂದೇ ಅಕ್ಷರ ಕುಟ್ಟಿ ಹೊಸ ಹಾಳೆ ಮಾಡಿದೆ. ಗೆಳತಿ ಓದಿದಳು, ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಆಮೇಲೆ ಡಬ್ಬಿ ತೆಗೆದು ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ಕುಷ್ಕ ಬಡಿಸಿದಳು. ನಾನು ಎಲ್ಲವನ್ನೂ ತಿಂದೆ.

ಹುಳ ಹಣ್ಣಾಗಿ ಗೂಡು ಕಟ್ಟಿದವು. ಗೂಡು ಬಿಡಿಸಲು ಅಣ್ಣ ಊರಲ್ಲಿ ನಿಂತ. ನಾನು ಅವ್ವನನ್ನು ನರ್ಸಿಂಗ್ ಹೋಮಿಗೆ ಸೇರಿಸಿದೆ. ಕಾರ್ಡು ತುಂಬುತ್ತಿದ್ದ ನರ್ಸು ಮಕ್ಕಳೆಷ್ಟು ಎಂದು ಕೇಳಿದಾಗ ಅವ್ವ ಎಂದಿನಂತೆ "ಎರಡು" ಅಂದಳು. ನಾನು ಅವಳ ಮುಖ ನೋಡಿದೆ, ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು.

ಡಾಕ್ಟರು ನನ್ನ ಹಾಳೆ ಓದುತ್ತಾ ಗೆರೆಯ ಹತ್ತಿರ ನಿಂತರು. "ಇಲ್ಲೇನು ಖಾಲಿ?"

"ಯಾವ ಇಂಜೆಕ್ಷನ್ನೋ ಗೊತ್ತಿಲ್ಲ ಸರ್. ಊಹೆ ಮಾಡಿ ಬರೆಯೋದು ಬೇಡ ಅಂತ ಬಿಟ್ಟೆ."

"ಒಳ್ಳೇದಾಯ್ತು," ಅಂದರು. ಎಲ್ಲ ತಯಾರಿ ಪಕ್ಕದಲ್ಲಿಟ್ಟುಕೊಂಡು, ತಾವು ಕೊಡಬೇಕೆಂದಿದ್ದ ಔಷಧಿಯನ್ನು ಒಂದು ಹನಿಯಷ್ಟು ಅವ್ವನ ಮುಂಗೈಗೆ ಚುಚ್ಚಿ ಕಾದರು. ಕಾಲು ಗಂಟೆಯಲ್ಲಿ ಅಲ್ಲಿ ಎಂಟಾಣೆ ಅಗಲದ ಕೆಂಪು ದದ್ದು ಎದ್ದಿತು. ಡಾಕ್ಟರು ಹಾಳೆಯ ಮೇಲಿನ ನನ್ನ ಗೆರೆಯಲ್ಲಿ ಆ ಔಷಧಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಬೇರೆಯದನ್ನು ತರಿಸಿದರು. ನನ್ನ ಮೊದಲನೆಯ ಹಾಳೆ ಇನ್ನೂ ಬ್ಯಾಗಿನಲ್ಲೇ ಇತ್ತು. ಹೊರಗೆ ಬಂದು ಅದನ್ನು ಚೂರು ಚೂರು ಮಾಡಿ ಹರಿದೆ.

ಗೆಳತಿ ಅರ್ಧ ದಿನ ರಜ ಹಾಕಿ ಬಂದಿದ್ದಳು. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತೆವು. ಬಾಯಿ ಬಡುಕಿಯರಿಬ್ಬರ ಬಲಗಾಲುಗಳು ಮಾತ್ರ ನೆಲ ಒತ್ತುತ್ತಿದ್ದವು. ಒಂದೂವರೆ ಗಂಟೆಯ ಮೇಲೆ ಅವ್ವನನ್ನು ಹೊರಗೆ ತಂದರು. ಎಲ್ಲ ಸರಿಯಾಗಿದೆ ಎಂದು ಹೇಳಿ ಡಾಕ್ಟರು ಮುಂದಕ್ಕೆ ಹೋದರು. ನರ್ಸು ಅವ್ವನ ಕೆನ್ನೆ ತಟ್ಟಿ ಎಚ್ಚರಿಸತೊಡಗಿದರು.

"ಅಮ್ಮಾ, ಯಾವೂರಮ್ಮಾ ನಿಮ್ಮದು?"

"ಅಕ್ಕೂರು."

"ಮಕ್ಕಳೆಷ್ಟಮ್ಮಾ?"

"ಮೂರು."

ನರ್ಸು ಕೈಯಲ್ಲಿದ್ದ ಕಾರ್ಡು ನೋಡಿ ನನ್ನತ್ತ ತಿರುಗಿದರು. "ಎರಡು ಅಂದಿದ್ರಲ್ಲಾ. ಇನ್ನೂ ಮತ್ತು ಇಳಿದಿಲ್ಲ."

"ಇಳ್ದೈತೆ ಸಿಸ್ಟರ್," ಅಂದೆ. "ಮೂರೇ. ಮಧ್ಯದವಳು ನಮ್ಮಕ್ಕ, ಎಂಟು ದಿನ ಇದ್ಲು." ಅಕ್ಕನ ಹೆಸರನ್ನೂ ಹೇಳಿದೆ.

ಅವ್ವ ಕಣ್ಣು ಬಿಡದೆಯೇ "ಹೂಂ" ಅಂದಳು.