ಸಕ್ಕರೆ ಡಬ್ಬಿಯ ಕೆಳಗಿನ ಪತ್ರಿಕೆ

ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಹೊಸ ಪತ್ರಿಕೆಗಿಂತ ಅಡುಗೆಮನೆಯ ಹಲಗೆಗೆ ಹಾಸಿದ ಹಳೆಯ ಪತ್ರಿಕೆಯನ್ನು ಓದುವುದರಲ್ಲೇ ಪರಮ ಸುಖವಿದೆ ಎಂಬುದು ನನ್ನ ಬಹುಕಾಲದ ಸಂಶೋಧನೆ. ಚೌತಿಗೆ ಮುಂಚೆ ಮನೆ ಒಪ್ಪ ಮಾಡುವಾಗ ಹಲಗೆಯ ಕಾಗದ ಬದಲಿಸುವ ಕೆಲಸ ನನ್ನದು. ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ಕುಕ್ಕರಗಾಲಲ್ಲಿ ಕೂತು, ಎಂದೋ ಉರುಳಿಹೋದ ಸರಕಾರವೊಂದರ ಪ್ರಮಾಣವಚನವನ್ನು ಆಸಕ್ತಿಯಿಂದ ಓದುತ್ತಿರುವಾಗ ಅಂಗಳದಿಂದ ಹೆಂಡತಿಯ ಸ್ವರ ಕೇಳುತ್ತದೆ: “ಹ್ವಾಯ್, ಪೇಪರ್ ಹಾಸುಕ್ ಹೇಳದ್ದ್, ಓದುಕ್ ಅಲ್ಲ!”

ಅವಳಿಗೇನು ಗೊತ್ತು, ಪತ್ರಿಕಾಧರ್ಮದ ಏಕೈಕ ಪಾಠವನ್ನು ನಾನು ಕಲಿತದ್ದೇ ಇಂಥದೊಂದು ಹಲಗೆಯ ಮುಂದೆ.

ನಮ್ಮ ವಂಶದಲ್ಲಿ ಬಿ.ಎ. ಎಂಬ ಎರಡಕ್ಷರವನ್ನು ಹೆಸರಿನ ಮುಂದೆ ಅಂಟಿಸಿಕೊಂಡ ಮೊದಲಿಗ ನಾನು. ಹಾಗೆ ಅಂಟಿಸಿಕೊಳ್ಳಲು ಪಟ್ಟ ಪಾಡನ್ನು ಈಗ ಹೇಳಹೊರಟರೆ ನೀವು ಎದ್ದು ಹೋದೀರಿ. ಓದಿದ್ದಕ್ಕೆ ಏನಾದರೂ ಗುರುತು ಬೇಕಲ್ಲ ಎಂದು ತೊಂಬತ್ತರ ದಶಕದ ಕೊನೆಯಲ್ಲಿ, ಕುಂದಾಪುರದಲ್ಲಿ ಗುಮಾಸ್ತನಾಗಿದ್ದುಕೊಂಡೇ ಒಂದು ದಿನಪತ್ರಿಕೆಗೆ ಭಾನುವಾರದ ಸುದ್ದಿಗಾರನಾದೆ. ಶಿರೂರಿನ ವಾಲಿಬಾಲಿನಿಂದ ಬಾರ್ಕೂರಿನ ಕಬಡ್ಡಿಯವರೆಗಿನ ಕ್ರೀಡಾಲೋಕವೆಲ್ಲ ನನ್ನ ಲೇಖನಿಯ ಸಾಮ್ರಾಜ್ಯ. ಗೆದ್ದವರು ಯಾರೆಂದು ಬರೆಯಲು ಮರೆತರೂ ಯಾರೂ ಕೇಳುತ್ತಿರಲಿಲ್ಲ. ವೇದಿಕೆಯಲ್ಲಿದ್ದ ಗಣ್ಯರೊಬ್ಬರ ಹೆಸರು ಬಿಟ್ಟರೆ ಮಾತ್ರ ವಾರವಿಡೀ ಪೇಟೆಗೆ ಹೋಗುವಂತಿರಲಿಲ್ಲ. ಅಕ್ಷರ ಬಾರದ ನನ್ನ ಅಬ್ಬಿ, ನಮ್ಮ ಕಡೆ ಅಮ್ಮನಿಗೆ ಹಾಗೆನ್ನುವುದು, ಮಗನ ಕೀರ್ತಿಗೆ ತನ್ನದೇ ಗೌರವ ಸಲ್ಲಿಸುತ್ತಿದ್ದಳು. “ನಿನ್ ಸುದ್ದಿ ಮೇಲ್ ಬೆಲ್ಲದ್ ಡಬ್ಬಿ ಇಟ್ಟಿದೆ, ಮೆಣ್ಸಿಂದಲ್ಲ, ಆಯ್ತಾ?”

ಒಂದು ಭಾನುವಾರ ಬೆಳಿಗ್ಗೆ ಶಂಕರನಾರಾಯಣದ ಹತ್ತಿರ ಕಬಡ್ಡಿ ಪಂದ್ಯ. ಬಾರ್ಕೂರು ಕಡೆಯ ರಘು ಎಂಬ ಯುವಕ ದಾಳಿಗೆ ಹೋದವನು ಬಿದ್ದು, ತಲೆಗೆ ಏಟಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋದ. ನನ್ನ ಕ್ಯಾಮರಾದಲ್ಲಿ ಅವನ ಎರಡು ಚಿತ್ರಗಳಿದ್ದವು. ಒಂದು, ಪಂದ್ಯಕ್ಕೆ ಮುಂಚೆ ಮುಖ್ಯ ಅತಿಥಿಯ ಕೈಕುಲುಕಿ ನಗುತ್ತಿದ್ದದ್ದು. ಇನ್ನೊಂದು, ಬಿದ್ದಮೇಲಿನದು, ಮುಖ ನೇರ ನನ್ನ ಕಡೆಗೇ ಇತ್ತು. ನಾನು ತೆಗೆದ ಚಿತ್ರಗಳಲ್ಲಿ ನಡುಗದೆ ಬಂದದ್ದು ಅದೊಂದೇ. ಕುಂದಾಪುರದ ಸ್ಟುಡಿಯೋದವರು ತೊಳೆದು ಕೊಡುತ್ತ, “ಇದ್ ಮುಖಪುಟವೇ ಮಾರಾಯ್ರೆ!” ಎಂದರು. ಎಸ್‌ಟಿಡಿ ಬೂತಿನಿಂದ ಕಚೇರಿಗೆ ಫೋನು ಮಾಡಿದರೆ ಅವರದೂ ಅದೇ ಮಾತು: “ಮುಖ ಸ್ಪಷ್ಟ ಇದೆಯಾ? ಸಂಜೆ ಬಸ್ಸಿಗೆ ಕಳಿಸಿ. ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕಿಯೇ ಕೊಡೋಣ.”

ಪಡಿತರ ಚೀಟಿಯ ಹೊರಗೆ ಕಾಲಿಡದ ನಮ್ಮ ಮನೆತನದ ಹೆಸರು ಮೊದಲ ಪುಟದಲ್ಲಿ! ಬಸ್ಸಿಗೆ ಇನ್ನೂ ಹೊತ್ತಿತ್ತು. ಹಾರುವ ಹೆಜ್ಜೆಯಲ್ಲಿ ಚಹಾಕ್ಕೆಂದು ಮನೆಗೆ ಬಂದೆ. ಅಬ್ಬಿ ಸಕ್ಕರೆ ತೆಗೆಯಹೊರಟಾಗ ನೋಡುತ್ತೇನೆ, ಡಬ್ಬಿ ತನ್ನ ಮೂಲೆ ಬಿಟ್ಟು ಹಲಗೆಯ ನಟ್ಟನಡುವೆ ಕೂತಿದೆ. ಅದನ್ನೆತ್ತಿದರೆ ಕೆಳಗಿನ ಕಾಗದದಲ್ಲಿ ಯಾವುದೋ ಲಾರಿ ಅಪಘಾತದ ಹೆಣದ ಮುಖ.

“ದಿನಾ ಬೆಳಿಗ್ಗೆ ಅದನ್ನ್ ಕಂಡ್ರೆ ಚಾ ಗಂಟ್ಲಂಗ್ ಇಳೂದಿಲ್ಲ ಮಗ. ಅದ್ಕೇ ಡಬ್ಬಿ ಇಟ್ಟ್ ಮುಚ್ಚಿದೆ” ಎಂದಳು ಅಬ್ಬಿ, ಮತ್ತೆ ಡಬ್ಬಿಯನ್ನು ಅಲ್ಲಿಗೇ ಇಡುತ್ತ. ಸತ್ತವನು ಯಾರೆಂದೂ ಅವಳಿಗೆ ಗೊತ್ತಿಲ್ಲ.

ಪತ್ರಿಕೆಯ ಆಯುಸ್ಸು ಒಂದೇ ದಿನ ಎನ್ನುವವರು ನಮ್ಮ ಕಡೆಯ ಅಡುಗೆಮನೆ ಹೊಕ್ಕವರಲ್ಲ. ಇಲ್ಲಿ ಅದು ಚೌತಿಯಿಂದ ಚೌತಿಯವರೆಗೆ ಬಾಳುತ್ತದೆ. ಬಾರ್ಕೂರಿನಲ್ಲೂ ಒಂದು ಅಡುಗೆಮನೆಯಿದೆ, ಅಲ್ಲೊಬ್ಬ ಅಬ್ಬಿಯಿದ್ದಾಳೆ. ಮಗನ ಆ ಮುಖವನ್ನು ಮುಚ್ಚುವಷ್ಟು ದೊಡ್ಡ ಡಬ್ಬಿ ಅವಳಿಗೆ ಯಾವ ಅಂಗಡಿಯಲ್ಲಿ ಸಿಕ್ಕೀತು? ಚಹಾ ಆರಿತು. ಕಬಡ್ಡಿ ಅಂಕಣದ ನೆಲ ಕಲ್ಲಿನಂತಿತ್ತು, ಸಂಘಟಕರು ಹತ್ತಿರದಲ್ಲೊಂದು ವಾಹನವನ್ನೂ ಇಟ್ಟುಕೊಂಡಿರಲಿಲ್ಲ ಎಂಬುದನ್ನೆಲ್ಲ ಮುಲಾಜಿಲ್ಲದೆ ಬರೆದೆ. ಅದು ಊರಿಗೆ ಗೊತ್ತಾಗಬೇಕಾದ ಸುದ್ದಿ. ಲಕೋಟೆಗೆ ಹಾಕಿದ್ದು ಮಾತ್ರ ನಗುವ ಚಿತ್ರ.

“ಹ್ವಾಯ್ ಪೇಪರಿನವ್ರೇ, ಬೇಗ ತನ್ನಿ! ನಿಮ್ ಸುದ್ದಿ ಹಳ್ಸಿರೆ ನನ್ನನ್ ಬೈಬೇಡಿ” ಎಂದು ಕಂಡಕ್ಟರ್ ಲಕೋಟೆ ಕಸಿದುಕೊಂಡು ಸೀಟಿ ಊದಿದ.

ಮರುದಿನ ನಮ್ಮ ಎದುರಾಳಿ ಪತ್ರಿಕೆಯ ಮುಖಪುಟದಲ್ಲಿ ಇನ್ಯಾರೋ ತೆಗೆದ, ಬಿದ್ದ ರಘುವಿನ ಚಿತ್ರ. ನನ್ನದು ಒಳಪುಟದ ಮೂಲೆಯಲ್ಲಿ, ಹೆಸರಿಲ್ಲದೆ. ಮೇಲಿಂದ ಕಚೇರಿಯ ಬೈಗುಳ. ಆದರ್ಶ ಪಾಲಿಸಿದವನಿಗೆ ಆತ್ಮತೃಪ್ತಿ ಸಿಗುತ್ತದಂತೆ. ನಾನಂತೂ ವಾರವಿಡೀ ಹೊಟ್ಟೆ ಉರಿದುಕೊಂಡೆ.

ವರ್ಷದ ಬಳಿಕ ರಘುವಿನ ನೆನಪಿಗೆ ಗೆಳೆಯರು ಪಂದ್ಯ ಇಟ್ಟರು. ಅದರ ಸುದ್ದಿಗೆಂದು ಬಾರ್ಕೂರಿನ ಅವನ ಮನೆಗೆ ಹೋದೆ. ಯಾವ ಪತ್ರಿಕೆಯವನೆಂದು ಅವನ ಅಬ್ಬಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಚಹಾ ಮಾಡುತ್ತಿದ್ದಾಗ ಅಭ್ಯಾಸಬಲದಿಂದ ಹಲಗೆಯತ್ತ ನೋಡಿದೆ. ಉಳಿದ ಕಾಗದವೆಲ್ಲ ಹೊಸದು, ಒಂದು ತುಂಡು ಮಾತ್ರ ಹಳದಿಗಟ್ಟಿದ್ದು. ಅದರಲ್ಲಿ ರಘು ನಗುತ್ತಿದ್ದ. ಕೈಕುಲುಕುತ್ತಿದ್ದ ಮುಖ್ಯ ಅತಿಥಿಯ ಮೇಲೆ ಸಕ್ಕರೆ ಡಬ್ಬಿ ಕೂತಿತ್ತು.

“ಆಚಿ ಪೇಪರಿನ ಪಟ ಮನಿ ಒಳ್ಗೇ ಸೇರ್ಸ್ಲಿಲ್ಲ. ಇದ್ ಅಡ್ಡಿಲ್ಲ” ಎಂದರು ಆಕೆ. ಆಮೇಲೆ ಹತ್ತಿರ ಬಂದು ಡಬ್ಬಿ ಎತ್ತಿ, ಬೆರಳಿಟ್ಟು ತೋರಿಸಿದರು. “ಆದ್ರೂ ಕಾಣಿ, ಆ ದೊಡ್ಡ್ ಜನದ್ ಹೊಟ್ಟಿ ಅಡ್ಡ ಬಂದ್ ಮಗನ್ ಒಂದ್ ಭುಜವೇ ಕಾಂಬುದಿಲ್ಲ. ಪಟ ತೆಗ್ದವ್ನಿಗೆ ಸ್ವಲ್ಪ ಆಚಿ ನಿಲ್ಲುಕ್ ಎಂತ ಆಯಿತ್?”

“ಅವ್ನಿಗೆ ಹೇಳ್ತೆ ಅಮ್ಮ” ಎಂದೆ.

ಈಗ ಚಿತ್ರ ಬಸ್ಸಿಗೆ ಕಾಯುವುದಿಲ್ಲ. ಆಟಗಾರ ನೆಲ ಮುಟ್ಟುವ ಮುಂಚೆ ಅವನು ಬಿದ್ದದ್ದು ಊರವರ ಮೊಬೈಲು ಮುಟ್ಟಿರುತ್ತದೆ. ನಡುವೆ ಮನೆಗೆ ಹೋಗಿ ಚಹಾ ಕುಡಿಯುವಷ್ಟು ಬಿಡುವು ಯಾರಿಗೂ ಇಲ್ಲ. ನನಗೆ ಮಾತ್ರ ಇಂದಿಗೂ ಯಾವ ಚಿತ್ರ ಕಂಡರೂ, ಇದರ ಮೇಲೆ ಡಬ್ಬಿ ಎಲ್ಲಿಡಬೇಕಾದೀತು ಎಂಬುದೇ ಮೊದಲ ಯೋಚನೆ.

“ಹಾಸಿ ಆಯ್ತಾ?” ಅಂಗಳದಿಂದ ಮತ್ತೆ ಸ್ವರ. ಆಗುತ್ತಾ ಬಂತು. ಕ್ರೀಡಾಪುಟವನ್ನು ಮೇಲ್ಮುಖವಾಗಿ ಹಾಸಿದ್ದೇನೆ, ಗೆದ್ದ ಹುಡುಗಿಯರು ಎಲ್ಲರೂ ಕಾಣುವಂತೆ. ವೇದಿಕೆಯ ಗಣ್ಯರ ಮೇಲೆ ಒಂದೊಂದೇ ಡಬ್ಬಿ ಇಡುತ್ತಿದ್ದೇನೆ.