ನಾಲ್ಕು ಜನರ ಬಾಣಂತನ

ನವ್ಯಳನ್ನು ಗಿರಿಗೆ ಕೊಟ್ಟಾಗ ಅವಳಿಗೆ ಹದಿನೈದು ತುಂಬಿ ಮೂರು ತಿಂಗಳು. ಗಿರಿ ಬೇರೆ ಯಾರೂ ಅಲ್ಲ, ಅವಳ ತಾಯಿ ಅನಸೂಯಮ್ಮನ ಒಡಹುಟ್ಟಿದ ತಮ್ಮ. ಬೇತಮಂಗಲದ ಪಕ್ಕದ ಹಳ್ಳಿ, ಗೊತ್ತಿರುವ ಮನೆ, ಅತ್ತೆ ಅಂದರೆ ಸ್ವಂತ ಅಜ್ಜಿ. ಇದಕ್ಕಿಂತ ಸುಖ ಇನ್ನೇನು ಬೇಕು ಎಂದು ನೆಂಟರೆಲ್ಲ ತಲೆದೂಗಿದರು. ಹುಡುಗಿ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯಬೇಕು ಅಂದಿದ್ದಳು. ಯಾರೂ ಬೇಡ ಅನ್ನಲಿಲ್ಲ, "ಆಮ್ಯಾಕೆ ಬರೀವಂತೆ" ಅಂದರು. ಬೇಡ ಅನ್ನುವುದಕ್ಕೆ ನಮ್ಮಲ್ಲಿರುವ ಮರ್ಯಾದೆಯ ಮಾತು ಅದು.

ವರ್ಷ ತುಂಬುವುದರೊಳಗೆ ಗಂಡು ಕೂಸು. ಮೊದಲ ಬಾಣಂತನ ತವರಿನದು. ಬಂಗಾರಪೇಟೆಯ ಅಮ್ಮನ ಮನೆಗೆ ಹೋದರೆ ಪರೀಕ್ಷೆ ಅಲ್ಲಿಂದಲೇ ಬರೆಯಬಹುದು ಎಂದು ನವ್ಯ ಒಳಗೊಳಗೇ ಆಸೆಪಟ್ಟಿದ್ದಳು. ಆದರೆ ಅವಳು ತವರಿಗೆ ಹೋಗಲಿಲ್ಲ, ತವರೇ ಹಳ್ಳಿಗೆ ಬಂತು. ಅಮ್ಮ ಬಂದಳು, ಇಬ್ಬರು ಚಿಕ್ಕಮ್ಮಂದಿರು ಬಂದರು. ಅವರಿಗೂ ಅದೇ ಹುಟ್ಟಿದ ಮನೆಯಲ್ಲವೇ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಒಂದಕ್ಕೂ ಕಮ್ಮಿಯಿಲ್ಲ. ಕೂಸು ಕುಂಯ್ ಅಂದರೆ ಅಜ್ಜಿಯದೂ ಸೇರಿ ಎಂಟು ಕೈ ಚಾಚುತ್ತಿದ್ದವು. ಸುಳ್ಳು ಯಾಕೆ ಹೇಳಬೇಕು, ಅಂಥ ಬಾಣಂತನ ಎಷ್ಟು ಜನಕ್ಕೆ ಸಿಗುತ್ತದೆ?

ಕೂಸಿಗೆ ಮೂರು ತಿಂಗಳಾದಾಗ ಗೆಳತಿ ಅರ್ಚನ ಬಸ್ಸು ಹತ್ತಿ ಬಂದು ಹಾಲ್ ಟಿಕೆಟ್ ಕೊಟ್ಟು ಹೋದಳು. ಶಾಲೆಯ ಮೇಡಂ ಮರೆಯದೆ ನವ್ಯಳ ಹೆಸರು ನೋಂದಾಯಿಸಿದ್ದರು. ಸೋಮವಾರ ಮೊದಲ ಪರೀಕ್ಷೆ.

"ಒಂದೊತ್ತು ಮಗೀನ ನೋಡ್ಕೊಳ್ಳಿ, ಸಾಕು," ನವ್ಯ ಕೇಳಿದಳು.

ಅಜ್ಜಿ ನರಸಮ್ಮ ಓದಲು ಬಾರದೆ ಹಾಲ್ ಟಿಕೆಟ್ಟನ್ನು ಅನಸೂಯಮ್ಮನ ಕೈಗೆ ದಾಟಿಸಿದಳು. ಅದರಲ್ಲಿ ಹುಟ್ಟಿದ ತಾರೀಖು ಇತ್ತು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಇದೇ ನಾಲ್ಕು ಜನ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ, ಹುಡುಗಿಗೆ ಹತ್ತೊಂಬತ್ತು ಎಂದು ಹೇಳಿ ಬಂದಿದ್ದರು.

"ಕುತ್ಗೇಲಿ ತಾಳಿ, ಚೀಟೀಲಿ ಅದಿನಾರು," ಅನಸೂಯಮ್ಮ ಅಂದಳು. "ಯಾರಾನ ಕಂಡು ಬರ್ಕೊಂಡ್ರೆ ಗಿರೀನ ಎಳ್ಕೊಂಡೋಗ್ತಾರೆ ಕಣೇ."

"ತಾಳಿ ಬಿಚ್ಚಿಟ್ಟು ಓಗ್ತೀನಮ್ಮ."

"ಬಿಡ್ತು ಅನ್ನು," ಅಜ್ಜಿ ಗದರಿದಳು.

ನವ್ಯ ಅಮ್ಮನನ್ನೇ ನೋಡಿದಳು. ಬೇರೆ ಹೆಣ್ಣುಮಕ್ಕಳಿಗೆ ಗಂಡನ ಮನೆಯಲ್ಲಿ ಅನ್ಯಾಯವಾದರೆ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಗರ ಮೇಲೆ ಜಗಳಕ್ಕೆ ಬರುತ್ತಾಳೆ. ಈ ತಾಯಿ ಯಾರ ಮೇಲೆ ಬರಬೇಕು? ಹೆತ್ತವ್ವನ ಮೇಲೆಯೇ?

"ನೀನು ಯಾರ ಕಡೇನಮ್ಮ?"

"ಅವ್ನು ನನ್ ತಮ್ಮ ಕಣೇ. ನಾನೇ ಎತ್ತಿ ಬೆಳಸ್ದೋನು. ಜೈಲಿಗೆ ಆಕುಸ್ಲಾ?"

ಅನಸೂಯಮ್ಮ ಹಾಲ್ ಟಿಕೆಟ್ಟನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಸೇರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಆ ಕಣ್ಣೀರು ಕಂಡು ನವ್ಯಳಿಗೆ ಇನ್ನಷ್ಟು ಮೈ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸೋಮವಾರ ಬೆಳಿಗ್ಗೆ ಬಂಗಾರಪೇಟೆಯ ಬಸ್ಸು ಹೋಯಿತು. ಅದು ಹೋದ ಮೇಲೆ ಅನಸೂಯಮ್ಮ ನೀರು ಕಾಯಿಸಿ, ಏನೂ ಆಗಿಲ್ಲವೆಂಬಂತೆ ಮಗಳನ್ನು ಸ್ನಾನಕ್ಕೆ ಕರೆದಳು. ನವ್ಯ ಕೂಸನ್ನು ಎತ್ತಿಕೊಂಡು ಬಂದು ಅವಳ ಕೈಗೆ ಕೊಟ್ಟಳು.

"ತಗೊಳ್ಳಿ ಅತ್ತಿಗೆ, ನಿಮ್ ತಮ್ಮನ ಮಗ," ಅಂದಳು.

ಗಂಡನ ಅಕ್ಕನನ್ನು ಹಾಗೆ ಕರೆದರೆ ತಪ್ಪು ಹಿಡಿಯುವವರು ಯಾರು? ಅಂದಿನಿಂದ ಅನಸೂಯಮ್ಮನನ್ನು ಅವಳು ಅಮ್ಮ ಎಂದು ಕರೆದದ್ದನ್ನು ಯಾರೂ ಕೇಳಿಲ್ಲ.